ಸೂರ್ಯನ ಬೆಳಕು ಪುಕ್ಕಟೆ, ಲೆಕ್ಕ ಮಾತ್ರ ನಮ್ಮದು

ಮಳೆಗಾಲ ಮುಗಿದು ಶಾಲೆಯ ಅಂಗಳ ಒಣಗಿದ ದಿನಗಳವು. ಹತ್ತನೆಯ ತರಗತಿಯಲ್ಲಿ ವಿದ್ಯುಚ್ಛಕ್ತಿಯ ಪಾಠ ನಡೆದಿತ್ತು. ವಾಟ್, ಕಿಲೋವಾಟ್, ಯೂನಿಟ್ಟು ಎಂಬ ಶಬ್ದಗಳನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಅವು ಹಲಗೆಯ ಮೇಲೆಯೇ ಉಳಿಯುತ್ತವೆ, ಮಕ್ಕಳ ಮನೆಯೊಳಗೆ ಹೋಗುವುದಿಲ್ಲ. ಆದಕಾರಣ "ನಾಳೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಮನೆಯ ಕರೆಂಟು ಬಿಲ್ಲು ತನ್ನಿರಿ" ಎಂದು ಹೇಳಿ ಕಳಿಸಿದೆ.

ಮರುದಿನ ಕೆಲವರು ಬಿಲ್ಲು ತಂದಿದ್ದರು. ಕೆಲವರು ಮರೆತಿದ್ದರು. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ಹುಡುಗ ಮಾತ್ರ ಎದ್ದು ನಿಂತು, "ನಮ್ಮ ಮನಿಗೆ ಬಿಲ್ಲ ಬರೂದಿಲ್ರಿ ಸರ. ಖೋಲಿ ಮಾಲಕರು ಈ ತಿಂಗಳಾ ಇಷ್ಟಾತು ಅಂತ ಹೇಳ್ತಾರ, ನಮ್ಮಪ್ಪ ಕೊಡ್ತಾನ" ಎಂದ. ಅವನು ಹೇಳಿದ ಮೇಲೆ ಇನ್ನೂ ನಾಲ್ಕಾರು ಕೈಗಳು ಮೇಲೆದ್ದವು. ಅವರ ಮನೆಗಳಲ್ಲಿಯೂ ಅದೇ ಪದ್ಧತಿ.

ಅದೇ ವಾರ ಪಾಲಕರ ಸಭೆಗೆ ಬಂದಿದ್ದ ಒಬ್ಬ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಸರ, ಟಿವ್ಯಾಗ ತೋರಸ್ತಾರಲ್ರಿ, ಮಾಳಗಿ ಮ್ಯಾಲ ಸೋಲಾರ ಹಾಕ್ಸಿದ್ರ ಕರೆಂಟ್ ಬಿಲ್ಲ ಸೊನ್ನಿ ಆಗತೈತಿ ಅಂತ. ಸೂರ್ಯಾ ಪುಕ್ಕಟೆ ಅಂದ ಮ್ಯಾಲ ಮತ್ತ ಇಷ್ಟೆಲ್ಲಾ ರೊಕ್ಕ ಯಾಕ್ರಿ? ನಾವೂ ಹಾಕ್ಸೂಣೇನ್ರಿ?"

ಆ ಹುಡುಗನ ಮಾತಿಗೂ ಈ ತಂದೆಯ ಪ್ರಶ್ನೆಗೂ ಅಂದು ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ನಿಂತ ನಿಲುವಿನಲ್ಲಿ ಕೊಡುವ ಉತ್ತರವೂ ಅದಲ್ಲ. ಈ ವಾರ್ಷಿಕ ಸಂಚಿಕೆಯ ಪುಟಗಳಲ್ಲಿ ಆ ಉತ್ತರವನ್ನು ಬರೆಯಲು ಯತ್ನಿಸುತ್ತೇನೆ. ವಿದ್ಯಾರ್ಥಿಗಳು ಓದಲಿ, ಓದು ಬಾರದ ತಂದೆತಾಯಿಗಳಿಗೆ ಓದಿ ಹೇಳಲಿ.

ಮೊದಲು ಈ ಯಂತ್ರದ ಮರ್ಮವನ್ನು ತಿಳಿಯೋಣ. ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ವಿಜ್ಞಾನಿ 1839ರಲ್ಲಿಯೇ ಕಂಡುಕೊಂಡಿದ್ದನು. ಆಗ ಅವನು ಹತ್ತೊಂಬತ್ತು ವರ್ಷದ ತರುಣ. ಆದರೆ ಕೆಲಸಕ್ಕೆ ಬರುವಂತಹ ಸೌರಕೋಶ ತಯಾರಾದುದು 1954ರಲ್ಲಿ, ಅಮೇರಿಕಾದ ಬೆಲ್ ಪ್ರಯೋಗಶಾಲೆಯಲ್ಲಿ. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಮನೆಗಳ ಮೇಲೆ ಹಾಕುವ ಫಲಕಗಳು ನೂರಕ್ಕೆ ಇಪ್ಪತ್ತರಷ್ಟನ್ನು ಮಾರ್ಪಡಿಸುತ್ತವೆ. ಈ ಕೋಶಗಳ ಮೂಲವಸ್ತು ಸಿಲಿಕಾನ್. ನಮ್ಮ ಕಾಲ ಕೆಳಗಿನ ಮರಳಿನಲ್ಲಿ ಇರುವುದೂ ಅದೇ. ಆದರೆ ಮರಳಿನಿಂದ ಅದನ್ನು ಬೇರ್ಪಡಿಸಿ ಶುದ್ಧಗೊಳಿಸುವುದು ಸಾಮಾನ್ಯ ಕೆಲಸವಲ್ಲ. ಸೂರ್ಯ ಪುಕ್ಕಟೆಯಾದರೂ ಫಲಕಕ್ಕೆ ರೊಕ್ಕ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಾವಿಯ ನೀರು ಪುಕ್ಕಟೆ. ಹಗ್ಗ, ಕೊಡ, ಗಾಲಿಗಳಿಗೆ ದುಡ್ಡು ಕೊಡಲೇಬೇಕಲ್ಲವೇ?

ಫಲಕದಲ್ಲಿ ಹುಟ್ಟುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ನಮ್ಮ ಫ್ಯಾನು, ಮಿಕ್ಸರುಗಳಿಗೆ ಬೇಕಾದುದು ದಿಕ್ಕು ಬದಲಿಸುತ್ತಿರುವ ವಿದ್ಯುತ್ತು. ಇನ್ವರ್ಟರ್ ಎಂಬ ಪೆಟ್ಟಿಗೆ ಮೊದಲನೆಯದನ್ನು ಎರಡನೆಯದಾಗಿ ಬದಲಿಸುತ್ತದೆ. ಹಗಲು ಹೊತ್ತಿನಲ್ಲಿ ಮನೆಗೆ ಬೇಕಾದಷ್ಟು ಬಳಸಿ ಉಳಿದುದು ಕಂಬದ ತಂತಿಗೆ ಹೋಗುತ್ತದೆ. ರಾತ್ರಿ ನಮಗೆ ಬೇಕಾದುದು ಅದೇ ತಂತಿಯಿಂದ ಬರುತ್ತದೆ. ಹೋದುದನ್ನೂ ಬಂದುದನ್ನೂ ಅಳೆಯುವ ಮೀಟರನ್ನು ವಿದ್ಯುತ್ ಇಲಾಖೆಯವರು ಕೂಡಿಸುತ್ತಾರೆ. ಬಂದುದರಲ್ಲಿ ಹೋದುದನ್ನು ಕಳೆದು ಉಳಿದಷ್ಟಕ್ಕೆ ಬಿಲ್ಲು. ಇದಕ್ಕೆ ನೆಟ್ ಮೀಟರ್ ಪದ್ಧತಿ ಎನ್ನುತ್ತಾರೆ. ನೆರೆಮನೆಯವರಿಗೆ ಹಗಲು ಒಂದು ಸೇರು ಜೋಳ ಕೊಟ್ಟು ರಾತ್ರಿ ಒಂದು ಸೇರು ತಂದುಕೊಂಡಂತೆ.

ಒಂದು ಕಿಲೋವಾಟಿನ ಫಲಕಗಳನ್ನು ಹಾಕಲು ನೆರಳಿಲ್ಲದ ಸುಮಾರು ಹತ್ತು ಚದರ ಮೀಟರು ಸ್ಥಳ ಬೇಕು. ಅಂದರೆ ನೂರು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಬಿಸಿಲಿನ ದಿನ ಅದು ನಾಲ್ಕು ಯೂನಿಟ್ಟಿನಷ್ಟು ವಿದ್ಯುತ್ತು ಕೊಡುತ್ತದೆ. ನಮ್ಮ ಮಡ್ಕಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಮೋಡದ ದಿನವೂ ಸ್ವಲ್ಪ ವಿದ್ಯುತ್ತು ಬರುತ್ತದೆಯಾದರೂ ಅದು ಬೇಸಗೆಯ ಲೆಕ್ಕಕ್ಕೆ ಸಮನಾಗದು. ಆದಕಾರಣ ಒಂದು ಕಿಲೋವಾಟಿಗೆ ವರ್ಷಕ್ಕೆ 1,300 ಯೂನಿಟ್ಟು ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕುವುದು ಲೇಸು. ಮಾರುವವರು ಬೇಸಗೆಯ ಲೆಕ್ಕ ಹೇಳಿದರೆ ನೀವು ಮಳೆಗಾಲದ ಲೆಕ್ಕ ಕೇಳಿರಿ.

ಮನೆಗೆ ಸೌರಶಕ್ತಿ ಎಂಬುದು ನಮ್ಮ ಕನ್ನಡ ನಾಡಿಗೆ ಹೊಸತೇನೂ ಅಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಆಮೇಲೆ ಎಷ್ಟೋ ದಶಕಗಳ ಕಾಲ ಮಲೆನಾಡಿನ, ಕರಾವಳಿಯ, ಬಯಲುಸೀಮೆಯ ಅಸಂಖ್ಯ ಮನೆಗಳಲ್ಲಿ ಚಿಮಣಿ ಎಣ್ಣೆಯ ದೀಪವೇ ಗತಿಯಾಗಿತ್ತು. ಅಂತಹ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹರೀಶ್ ಹಂದೆ ಎಂಬ ಎಂಜಿನಿಯರರು 1995ರಲ್ಲಿ ಸೆಲ್ಕೋ ಎಂಬ ಸಂಸ್ಥೆಯನ್ನು ಕರ್ನಾಟಕದಲ್ಲಿ ಪ್ರಾರಂಭಿಸಿದರು. ಒಂದು ಫಲಕ, ಒಂದು ಬ್ಯಾಟರಿ, ಎರಡು ಅಥವಾ ನಾಲ್ಕು ದೀಪ. ಇಷ್ಟೇ ಆ ವ್ಯವಸ್ಥೆ. ಅದರ ಬೆಲೆಯನ್ನು ಒಮ್ಮೆಲೇ ಕೊಡಲಾಗದ ಮನೆಗಳಿಗೆ ಬ್ಯಾಂಕಿನ ಸಾಲ ದೊರಕಿಸಿಕೊಡುವುದು, ಆ ಸಾಲದ ಕಂತು ಅವರ ದುಡಿಮೆಯ ರೀತಿಗೆ ಹೊಂದುವಂತೆ ನೋಡಿಕೊಳ್ಳುವುದು, ದೀಪ ಕೆಟ್ಟರೆ ಮನೆಗೇ ಬಂದು ದುರಸ್ತಿ ಮಾಡುವುದು ಅವರ ಮಾರ್ಗ. ಬೆಳೆ ಬಂದಾಗ ರೊಕ್ಕ ಕಾಣುವ ರೈತನಿಗೂ ದಿನವೂ ಚಿಲ್ಲರೆ ಎಣಿಸುವ ವ್ಯಾಪಾರಿಗೂ ಕಂತು ಒಂದೇ ಬಗೆಯದಾಗಿರಬೇಕಾಗಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಈ ಕಾರ್ಯಕ್ಕಾಗಿ 2011ರಲ್ಲಿ ಹಂದೆಯವರಿಗೆ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ಈ ಕಥೆಯಲ್ಲಿ ನಮಗೊಂದು ಪಾಠವಿದೆ. ಅಲ್ಲಿ ಉಳಿತಾಯವಾದುದು ಚಿಮಣಿ ಎಣ್ಣೆಯ ಖರ್ಚು. ಸೌರದೀಪ ಬರುವ ಮೊದಲು ಆ ಮನೆ ಬೆಳಕಿಗಾಗಿ ತಿಂಗಳಿಗೆ ಎಷ್ಟು ವೆಚ್ಚ ಮಾಡುತ್ತಿತ್ತು ಎಂಬುದರಿಂದಲೇ ಲಾಭದ ಲೆಕ್ಕ ಆರಂಭವಾಯಿತು. ಇಂದು ಕಂಬದ ಕರೆಂಟು ಬಂದಿರುವ ನಮ್ಮ ಮನೆಗಳಿಗೂ ಅದೇ ಸೂತ್ರ. ಈಗ ನೀವು ಎಷ್ಟು ಕೊಡುತ್ತಿದ್ದೀರಿ ಎಂಬುದು ತಿಳಿಯದೆ, ಎಷ್ಟು ಉಳಿದೀತು ಎಂದು ಯಾವ ಪಂಡಿತನೂ ಹೇಳಲಾರನು.

ಈಗ ಸರಕಾರದ ಯೋಜನೆಯ ವಿಷಯ. ಕೇಂದ್ರ ಸರಕಾರವು 2024ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಒಂದು ಕೋಟಿ ಮನೆಗಳ ಮೇಲೆ ಸೌರಫಲಕ ಕೂಡಿಸುವುದು ಅದರ ಗುರಿ. 2026-27ನೆಯ ಆರ್ಥಿಕ ವರ್ಷದವರೆಗೆ ಅದರ ಅವಧಿ. ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡು ಕಿಲೋವಾಟಿಗೆ 60,000 ರೂಪಾಯಿ, ಮೂರು ಕಿಲೋವಾಟು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವೆಂದು ಗೊತ್ತುಮಾಡಲಾಯಿತು. ಮನೆಯು ಸ್ವಂತದ್ದಾಗಿರಬೇಕು, ಫಲಕ ಕೂಡಿಸಲು ತಕ್ಕ ಮಾಳಿಗೆ ಇರಬೇಕು, ಕರೆಂಟಿನ ಜೋಡಣೆ ಇರಬೇಕು. ಈ ಮೊದಲು ಸೌರಫಲಕಕ್ಕೆ ಸಹಾಯಧನ ಪಡೆದಿರಬಾರದು. ಫಲಕ ಕೂಡಿಸಿ, ಇಲಾಖೆಯವರು ಬಂದು ನೋಡಿ, ಮೀಟರು ಬದಲಾದ ಮೇಲೆ ಆ ಹಣ ನೇರವಾಗಿ ಮನೆಯ ಯಜಮಾನರ ಬ್ಯಾಂಕಿನ ಖಾತೆಗೆ ಬರುತ್ತದೆ. ಇದನ್ನು ಗಮನದಲ್ಲಿಡಿರಿ. ಬಾಗಿಲಿಗೆ ಬಂದು "ಸಬ್ಸಿಡಿ ನಾವು ತೆಗೆಸಿಕೊಡುತ್ತೇವೆ, ಮುಂಗಡ ಕೊಡಿ" ಎನ್ನುವವನ ಕೈಯಲ್ಲಿ ದುಡ್ಡಿಡುವ ಮೊದಲು ಅವನ ಹೆಸರು ಸರಕಾರದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನು ಲೆಕ್ಕ ಬಿಡಿಸೋಣ. ವಿದ್ಯಾರ್ಥಿಗಳೇ, ಪೆನ್ಸಿಲು ಹಿಡಿಯಿರಿ. ನಾನು ಇಲ್ಲಿ ಹಿಡಿದಿರುವ ದರಗಳು ಲೆಕ್ಕದ ಸಲುವಾಗಿ ಹಿಡಿದವು. ದರಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ನೀವು ನಿಮ್ಮ ಮನೆಯ ಬಿಲ್ಲಿನಲ್ಲಿ ಅಚ್ಚಾದ ದರವನ್ನು ಹಾಕಿ ಮತ್ತೊಮ್ಮೆ ಬಿಡಿಸಬೇಕು. ಸಹಾಯಧನ ಕಳೆದು ಒಂದು ಕಿಲೋವಾಟಿಗೆ ಮನೆಯವರ ಕೈಯಿಂದ 40,000 ರೂಪಾಯಿ, ಎರಡು ಕಿಲೋವಾಟಿಗೆ 70,000 ರೂಪಾಯಿ ಹೋಗುತ್ತದೆಂದು ತಿಳಿಯೋಣ.

ಮೊದಲನೆಯ ಮನೆ. ಎರಡು ಫ್ಯಾನು, ನಾಲ್ಕು ದೀಪ, ಒಂದು ಟೀವಿ. ತಿಂಗಳಿಗೆ 60 ಯೂನಿಟ್ಟು, ವರ್ಷಕ್ಕೆ 720 ಯೂನಿಟ್ಟು. ಕೆಳಗಿನ ಹಂತದ ಅಗ್ಗದ ದರ. ಯೂನಿಟ್ಟಿಗೆ 2 ರೂಪಾಯಿ ಹಿಡಿದರೆ ವರ್ಷದ ಖರ್ಚು 1,440 ರೂಪಾಯಿ. ಈ ಖರ್ಚೆಲ್ಲ ಉಳಿದರೂ 40,000 ರೂಪಾಯಿ ಮರಳಿ ಬರಲು ಇಪ್ಪತ್ತೇಳು ವರ್ಷಗಳ ಮೇಲಾಗುತ್ತದೆ. ತಯಾರಕರು ಫಲಕಕ್ಕೆ ಬರೆದುಕೊಡುವ ಭರವಸೆಯೇ ಸಾಮಾನ್ಯವಾಗಿ 25 ವರ್ಷ. ಎಂದ ಮೇಲೆ ಈ ಮನೆಗೆ ಸೌರಫಲಕದಿಂದ ಉಳಿತಾಯವಿಲ್ಲ.

ಎರಡನೆಯ ಮನೆ. ಫ್ರಿಜ್ಜು, ಮಿಕ್ಸರು, ನೀರೆತ್ತುವ ಪಂಪು ಇವೆ. ತಿಂಗಳಿಗೆ 150 ಯೂನಿಟ್ಟು. ಒಂದು ಕಿಲೋವಾಟು ಹಾಕಿದರೆ ವರ್ಷಕ್ಕೆ 1,300 ಯೂನಿಟ್ಟು ಉಳಿತಾಯ. ಯೂನಿಟ್ಟಿಗೆ 3 ರೂಪಾಯಿಯಂತೆ 3,900 ರೂಪಾಯಿ. ಹಾಕಿದ ಹಣ ಹತ್ತು ವರ್ಷಕ್ಕೆ ಮರಳುತ್ತದೆ. ಆಮೇಲಿನ ವರ್ಷಗಳದು ಲಾಭ. ಆದರೆ ಇನ್ವರ್ಟರ್ ಫಲಕದಷ್ಟು ಬಾಳುವುದಿಲ್ಲ. ಹತ್ತು ವರ್ಷದ ಹೊತ್ತಿಗೆ ಅದನ್ನು ಬದಲಿಸಬೇಕಾದೀತು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಮನೆಯವರು ವಿಚಾರ ಮಾಡಬಹುದು, ಅವಸರ ಮಾಡಬೇಕಾಗಿಲ್ಲ.

ಮೂರನೆಯ ಮನೆ. ಹವಾನಿಯಂತ್ರಕ, ಸ್ನಾನದ ಮನೆಯ ಗೀಸರು, ಬಟ್ಟೆ ಒಗೆಯುವ ಯಂತ್ರ ಎಲ್ಲ ಇವೆ. ತಿಂಗಳಿಗೆ 300 ಯೂನಿಟ್ಟು. ಎರಡು ಕಿಲೋವಾಟು ಹಾಕಿದರೆ ವರ್ಷಕ್ಕೆ 2,600 ಯೂನಿಟ್ಟು ಕಡಿಮೆಯಾಗುತ್ತದೆ. ಬಳಕೆ ಹೆಚ್ಚಿದಂತೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ, ಮೊದಲು ಕಡಿಮೆಯಾಗುವವು ಮೇಲಿನ ಮೆಟ್ಟಿಲಿನ ದುಬಾರಿ ಯೂನಿಟ್ಟುಗಳು. ಯೂನಿಟ್ಟಿಗೆ ಸರಾಸರಿ 5 ರೂಪಾಯಿ ಹಿಡಿದರೆ ವರ್ಷಕ್ಕೆ 13,000 ರೂಪಾಯಿ ಉಳಿಯಿತು. ಐದೂವರೆ ವರ್ಷಕ್ಕೆ ಹಾಕಿದ 70,000 ರೂಪಾಯಿ ಕೈಗೆ ಬಂತು. ಈ ಮನೆಯವರು ಇನ್ನೂ ಫಲಕ ಹಾಕಿಸದಿದ್ದರೆ ತಮ್ಮ ಮಾಳಿಗೆಯ ಮೇಲೆ ಬೀಳುವ ದುಡ್ಡನ್ನು ಬಿಟ್ಟುಕೊಟ್ಟಂತೆಯೇ ಸರಿ.

ಮೂರು ಮನೆ, ಒಂದೇ ಸೂರ್ಯ, ಮೂರು ಉತ್ತರ. ಜಾಹೀರಾತಿನಲ್ಲಿ ಮೂರನೆಯ ಮನೆಯನ್ನು ಮಾತ್ರ ತೋರಿಸುತ್ತಾರೆ. ಮೊದಲನೆಯ ಮನೆಯವನು ಅದನ್ನು ನೋಡಿ ಸಾಲ ಮಾಡಿದರೆ ಆ ಸಾಲದ ಬಡ್ಡಿಯೇ ಅವನ ಕರೆಂಟು ಬಿಲ್ಲನ್ನು ಮೀರಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸೌರಫಲಕಕ್ಕೂ ಸಲ್ಲುತ್ತದೆ. ಹೆಚ್ಚು ಫಲಕ ಹಾಕಿ ಉಳಿದ ವಿದ್ಯುತ್ತನ್ನು ಇಲಾಖೆಗೆ ಮಾರಿ ಶ್ರೀಮಂತರಾಗುವ ಆಸೆಯೂ ಬೇಡ. ವರ್ಷದ ಕೊನೆಗೆ ಮಿಕ್ಕ ಯೂನಿಟ್ಟುಗಳಿಗೆ ಸಿಗುವ ಬೆಲೆ ಸಾಮಾನ್ಯವಾಗಿ ನಾವು ಕೊಳ್ಳುವ ಬೆಲೆಗಿಂತ ಕಡಿಮೆ. ಬಿಲ್ಲು ಪೂರ್ತಿ ಸೊನ್ನೆಯಾಗುತ್ತದೆಂಬ ಮಾತೂ ಪೂರ್ಣ ಸತ್ಯವಲ್ಲ. ಬಳಸಿದರೂ ಬಳಸದಿದ್ದರೂ ಕೊಡಬೇಕಾದ ನಿಗದಿತ ಶುಲ್ಕ ಬಿಲ್ಲಿನಲ್ಲಿ ಉಳಿದೇ ಇರುತ್ತದೆ.

ನಮ್ಮ ಪಾಲಕರಲ್ಲಿ ಬಹುಮಂದಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಗಳ ಕಡೆಯಿಂದ ದುಡಿಮೆಗಾಗಿ ಇಲ್ಲಿಗೆ ಬಂದವರು. ಊರಿನಲ್ಲಿ ಸ್ವಂತ ಮನೆಯಿದೆ, ಅಲ್ಲಿ ಹಾಕಿಸಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಅವರು ಒಂದು ಮಾತು ನೆನಪಿಡಬೇಕು. ಕರ್ನಾಟಕ ಸರಕಾರವು 2023ರಲ್ಲಿ ಗೃಹಜ್ಯೋತಿ ಯೋಜನೆಯನ್ನು ತಂದು, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತರಷ್ಟು ಹೆಚ್ಚು ಸೇರಿಸಿ, ಅಷ್ಟು ವಿದ್ಯುತ್ತಿಗೆ ಬಿಲ್ಲು ಇಲ್ಲದಂತೆ ಮಾಡಿತು. ಆ ಯೋಜನೆಯಲ್ಲಿ ಬಿಲ್ಲು ಸೊನ್ನೆಯಾಗಿರುವ ಮನೆಯ ಮೇಲೆ ಫಲಕ ಹಾಕಿದರೆ ಉಳಿಯುವುದು ಸೊನ್ನೆಯೇ. ಅಲ್ಲದೆ ಮಣ್ಣಿನ ಮಾಳಿಗೆಯ ಮನೆಯಾದರೆ ಫಲಕದ ಚೌಕಟ್ಟಿನ ಭಾರವನ್ನೂ ಗಾಳಿಯ ಎಳೆತವನ್ನೂ ಅದು ತಡೆದೀತೇ ಎಂಬುದನ್ನು ತಿಳಿದವರಿಂದ ನೋಡಿಸಬೇಕು. ಮೆಣಸಿನಕಾಯಿ ಒಣಹಾಕಿದಷ್ಟು ಹಗುರದ ಕೆಲಸವಲ್ಲ ಅದು.

ಗೋವೆಯ ಮನೆಗಳಿಗೆ ಬೇರೆ ಎಚ್ಚರಿಕೆಗಳಿವೆ. ಮಡ್ಕಯಿಯಲ್ಲಿ ತೆಂಗಿನ ಮರವಿಲ್ಲದ ಅಂಗಳ ವಿರಳ. ಒಂದು ಗರಿಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಅದರೊಡನೆ ಜೋಡಿಸಿದ ಇತರ ಕೋಶಗಳ ಕೆಲಸವೂ ಕುಂದುತ್ತದೆ. ಸಾಲಾಗಿ ನಿಂತು ಇಟ್ಟಿಗೆ ಸಾಗಿಸುವಾಗ ನಡುವೆ ಒಬ್ಬನು ತಡಮಾಡಿದರೆ ಇಡೀ ಸಾಲು ತಡೆಯುವ ಹಾಗೆ. ತೆಂಗಿನಕಾಯಿ ಬಿದ್ದು ಗಾಜು ಒಡೆದರಂತೂ ಲೆಕ್ಕವೆಲ್ಲ ತಲೆಕೆಳಗು. ಹಂಚಿನ ಮಾಡಾದರೆ ಹಂಚಿನ ಕೆಳಗಿನ ತೊಲೆಗಳಿಗೆ ಆಧಾರ ಕೊಟ್ಟು ಚೌಕಟ್ಟು ಕೂಡಿಸಬೇಕು, ಸೋರಿಕೆಗೆ ಅವಕಾಶವಾಗಬಾರದು. ಫಲಕದ ಮುಖ ದಕ್ಷಿಣಕ್ಕೆ ಇರಬೇಕು. ಹಕ್ಕಿಯ ಹಿಕ್ಕೆ, ಕಾರಖಾನೆಯ ಧೂಳು ಕೂತರೆ ಆಗಾಗ್ಗೆ ನೀರಿನಿಂದ ಒರೆಸಬೇಕು. ಮಳೆಗಾಲದಲ್ಲಿ ಆ ಕೆಲಸವನ್ನು ಮಳೆಯೇ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಜನರು ಮೋಸಹೋಗುವ ಮಾತೊಂದಿದೆ. ಫಲಕ ಹಾಕಿಸಿದರೆ ಕರೆಂಟು ಹೋದಾಗಲೂ ಮನೆ ಬೆಳಗುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಬ್ಯಾಟರಿಯಿಲ್ಲದೆ ಕಂಬದ ತಂತಿಗೆ ಜೋಡಿಸಿದ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ತಂತಿಯಲ್ಲಿ ಕರೆಂಟು ನಿಂತ ಕೂಡಲೇ ಇನ್ವರ್ಟರೂ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕಂಬ ಹತ್ತಿ ತಂತಿ ದುರಸ್ತಿ ಮಾಡುತ್ತಿರುವ ಕೆಲಸಗಾರನ ಮೈಗೆ ನಮ್ಮ ಮಾಳಿಗೆಯ ವಿದ್ಯುತ್ತು ಹರಿಯಬಾರದಲ್ಲವೇ? ಕತ್ತಲಲ್ಲಿಯೂ ದೀಪ ಬೇಕಾದರೆ ಬ್ಯಾಟರಿ ಬೇಕು. ಬ್ಯಾಟರಿ ಬಂದರೆ ಖರ್ಚೂ ಬಂತು. ಯಾವುದು ಬೇಕೆಂದು ಮೊದಲೇ ನಿಶ್ಚಯಿಸಬೇಕು.

ಹಾಗಾದರೆ ಮೊದಲನೆಯ ಮನೆಯವರು ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಅವರ ಉಳಿತಾಯ ಮಾಳಿಗೆಯ ಮೇಲಿಲ್ಲ, ಮಾಳಿಗೆಯ ಕೆಳಗಿದೆ. 60 ವಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವಾಟಿನ ಎಲ್‌ಇಡಿ ದೀಪ ಕೊಡುತ್ತದೆ. ಹಳೆಯ ಮಾದರಿಯ ಫ್ಯಾನಿಗೆ 75 ವಾಟು ಬೇಕು. ದಿನಕ್ಕೆ ಹದಿನೈದು ತಾಸು ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್ಟು. ಹೊಸ ಮಾದರಿಯ 30 ವಾಟಿನ ಫ್ಯಾನಾದರೆ 13ರಿಂದ 14 ಯೂನಿಟ್ಟು. ಒಂದೇ ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್ಟು ಉಳಿಯಿತು. ಎರಡು ಕಿಲೋವಾಟಿನ ಗೀಸರು ಅರ್ಧ ತಾಸು ಉರಿದರೆ ಒಂದು ಯೂನಿಟ್ಟು ಮುಗಿಯಿತು. ಸ್ವಂತ ಮಾಳಿಗೆಯಿದ್ದು ದಿನವೂ ಬಿಸಿನೀರು ಬೇಕಾದವರಿಗೆ ಬಿಸಿಲಿನಿಂದ ನೀರು ಕಾಯಿಸುವ ಸಾಧನವೂ ಇದೆ. ಬೆಂಗಳೂರಿನ ಮನೆಗಳ ಮೇಲೆ ಅದನ್ನು ಯಾರು ಬೇಕಾದರೂ ನೋಡಬಹುದು. ಹನಿ ಹನಿ ಗೂಡಿದರೆ ಹಳ್ಳ. ಮೂರನೆಯ ಮನೆಯವರೂ ಮೊದಲು ಈ ಕೆಲಸ ಮಾಡಿ ಆಮೇಲೆ ಫಲಕದ ಅಳತೆ ನಿಶ್ಚಯಿಸಿದರೆ, ಎರಡು ಕಿಲೋವಾಟು ಬೇಕಾದಲ್ಲಿ ಒಂದೂವರೆ ಸಾಕಾದೀತು. ತೂತು ಮುಚ್ಚದೆ ಕೊಡ ತುಂಬಿಸಲು ಹೋಗಬಾರದು.

ಈಗ ಬಿಲ್ಲು ಬಾರದ ಮನೆಯ ಹುಡುಗನ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯಲು ಮುಖ್ಯ ಕಾರಣ ಅವನೇ.

ಸರಕಾರದ ಅಗ್ಗದ ದರ ಬಡವನಿಗಾಗಿ ಇದೆ. ಕಡಿಮೆ ಬಳಸುವವನು ಕಡಿಮೆ ಕೊಡಲಿ ಎಂಬುದೇ ಮೆಟ್ಟಿಲು ದರದ ಉದ್ದೇಶ. ಆದರೆ ಹತ್ತು ಖೋಲಿಗಳಿಗೆ ಒಂದೇ ಮೀಟರು ಇದ್ದರೆ ಏನಾಗುತ್ತದೆ? ಒಂದೊಂದು ಖೋಲಿಯವರು 40 ಯೂನಿಟ್ಟು ಬಳಸಿದರೂ ಮೀಟರಿನಲ್ಲಿ 400 ಯೂನಿಟ್ಟು ಕಾಣಿಸುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಇರಬೇಕಾದ ಬಡವನು ಮೇಲಿನ ಮೆಟ್ಟಿಲಿನ ದರ ಕೊಡುತ್ತಾನೆ. ಅದರ ಮೇಲೆ ಬಾಯಿಲೆಕ್ಕದ ಹೆಚ್ಚುವರಿ ಬೇರೆ. ಅವನಿಗೆ ಬಿಲ್ಲು ಇಲ್ಲ. ಬಿಲ್ಲು ಇಲ್ಲದ್ದರಿಂದ ಲೆಕ್ಕವಿಲ್ಲ. ಲೆಕ್ಕವಿಲ್ಲದ್ದರಿಂದ ಫ್ಯಾನು ಬದಲಿಸಿದರೂ ಲಾಭ ತನಗೋ ಮಾಲಕರಿಗೋ ತಿಳಿಯದು. ಮಾಳಿಗೆ ಅವನದಲ್ಲವಾದ್ದರಿಂದ ಸೂರ್ಯಘರ್ ಯೋಜನೆಯೂ ಅವನಿಗೆ ದೂರ. ಬಿಸಿಲಿನಲ್ಲಿ ಹೆಚ್ಚು ದುಡಿಯುವವನೇ ಬಿಸಿಲಿನ ಲಾಭದಿಂದ ಹೊರಗುಳಿದಂತಾಯಿತು.

ಖೋಲಿಯ ಮಾಲಕರೆಲ್ಲರೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಬಿಲ್ಲೂ ದೊಡ್ಡದೇ. ಆದರೆ ಇಲ್ಲಿಯೇ ಇಬ್ಬರಿಗೂ ಹಿತವಾಗುವ ದಾರಿಯೊಂದಿದೆ ಎಂದು ನನ್ನ ನಂಬಿಕೆ. ಮೊದಲು ಪ್ರತಿ ಖೋಲಿಗೆ ಒಂದು ಒಳಮೀಟರು ಹಾಕಲಿ. ತಿಂಗಳ ಮೊದಲ ದಿನ ಮಾಲಕರೂ ಬಾಡಿಗೆದಾರರೂ ಕೂಡಿ ನಿಂತು ಅಂಕಿ ಬರೆದುಕೊಳ್ಳಲಿ. ಮುಖ್ಯ ಬಿಲ್ಲನ್ನು ಎಲ್ಲರೂ ನೋಡಲಿ. ಸಾಧ್ಯವಿದ್ದಲ್ಲಿ ಪ್ರತ್ಯೇಕ ಜೋಡಣೆಗಾಗಿ ಇಲಾಖೆಗೆ ಅರ್ಜಿ ಕೊಡಲಿ. ಹಲವು ಖೋಲಿಗಳ ಮಾಲಕರ ಬಿಲ್ಲು ನಾನು ಹೇಳಿದ ಮೂರನೆಯ ಮನೆಯ ಬಿಲ್ಲಿನಂತೆ. ಅವರ ಮಾಳಿಗೆಯ ಮೇಲೆ ಫಲಕ ಬಂದರೆ ಹಾಕಿದ ಹಣ ಬೇಗ ಮರಳುತ್ತದೆ. ಹಾಗೆ ಉಳಿದುದರಲ್ಲಿ ಯೂನಿಟ್ಟಿಗೆ ಒಂದು ರೂಪಾಯಿಯನ್ನಾದರೂ ಬಾಡಿಗೆದಾರರಿಗೆ ಇಳಿಸಿದರೆ ಮಾಲಕರಿಗೆ ನಷ್ಟವಿಲ್ಲ, ಬಾಡಿಗೆದಾರರಿಗೆ ಮಗುವಿನ ನೋಟುಬುಕ್ಕಿನ ಖರ್ಚು ಹೊರಟೀತು. ದೂರದ ಮಾಳಿಗೆಯೊಂದರಲ್ಲಿ ಹುಟ್ಟಿದ ವಿದ್ಯುತ್ತನ್ನು ಪಾಲುದಾರರ ಬಿಲ್ಲುಗಳಲ್ಲಿ ಹಂಚಿ ಕಳೆಯುವ ಪದ್ಧತಿಗೆ ದೆಹಲಿಯಲ್ಲಿ 2019ರಲ್ಲಿಯೇ ನಿಯಮಗಳು ಬಂದವು. ಮಾಳಿಗೆಯಿಲ್ಲದವನಿಗೂ ಸೂರ್ಯನಲ್ಲಿ ಪಾಲು ಕೊಡುವ ಇಂತಹ ಪದ್ಧತಿ ಖೋಲಿಗಳ ಮಟ್ಟಕ್ಕೆ ಇಳಿದು ಬರಬೇಕು. ಸರಕಾರದ ಸಹಾಯಧನವು ಸ್ವಂತ ಮನೆಯುಳ್ಳವರ ಹೊಸ್ತಿಲಿಗೇ ನಿಲ್ಲಬಾರದು.

"ದೊಡ್ಡವರು ಹಾಕಿಸಿಕೊಳ್ಳಲಿ ಬಿಡಿ, ನಮಗೇನು?" ಎಂದು ಕೆಲವರು ಕೇಳಬಹುದು. ನಮಗೂ ಇದರಲ್ಲಿ ಸಂಬಂಧವಿದೆ. ಗೋವೆಯು ತಾನು ಬಳಸುವ ವಿದ್ಯುತ್ತಿನ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಧಾರವಾಡದ ಹತ್ತಿರದ ನರೇಂದ್ರದಿಂದ ಗೋವೆಗೆ 400 ಕಿಲೋವೋಲ್ಟಿನ ತಂತಿ ಎಳೆಯುವ ಯೋಜನೆ ಬಂದಾಗ, ಅದು ಮೊಲೆಂ ಅರಣ್ಯದ ಮೂಲಕ ಹಾಯುವುದೆಂದು 2020ರಲ್ಲಿ ಇಲ್ಲಿಯ ಜನರು, ಅದರಲ್ಲಿಯೂ ತರುಣರು, ದೊಡ್ಡ ಚಳುವಳಿಯನ್ನೇ ಹೂಡಿದರು. ಕರ್ನಾಟಕದಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಊರುಗಳೇ ಮುಳುಗಿದವು. ರಾಯಚೂರಿನ ಕಲ್ಲಿದ್ದಲು ಉರಿಯುವುದೂ ನಮ್ಮ ದೀಪಗಳಿಗಾಗಿಯೇ. ನಾವು ಒತ್ತುವ ಪ್ರತಿಯೊಂದು ಗುಂಡಿಯ ಹಿಂದೆ ಯಾರದೋ ಹೊಲ, ಯಾವುದೋ ಕಾಡು ಇದೆ. ಮನೆಯ ಮಾಳಿಗೆಯಲ್ಲಿಯೇ ಹುಟ್ಟಿ ಮನೆಯಲ್ಲಿಯೇ ಖರ್ಚಾಗುವ ವಿದ್ಯುತ್ತಿಗೆ ಹೊಸ ಕಂಬವೂ ಬೇಡ, ಕಾಡು ಕಡಿಯುವುದೂ ಬೇಡ. ಈ ಲಾಭ ಯಾರ ಬಿಲ್ಲಿನಲ್ಲಿಯೂ ಅಚ್ಚಾಗುವುದಿಲ್ಲ. ಆದರೆ ಎಲ್ಲರಿಗೂ ಸಲ್ಲುತ್ತದೆ.

ಶಾಲೆಯ ಮಾತನ್ನೂ ಹೇಳಿಬಿಡುತ್ತೇನೆ. ಮನೆಗಳು ಹೆಚ್ಚು ವಿದ್ಯುತ್ತು ಬಳಸುವುದು ಸಂಜೆ ಮತ್ತು ರಾತ್ರಿ. ಶಾಲೆ ಬಳಸುವುದು ಹಗಲಿನಲ್ಲಿ, ಸೂರ್ಯ ನೆತ್ತಿಯ ಮೇಲಿರುವಾಗ. ಸೌರಫಲಕಕ್ಕೆ ಶಾಲೆಗಿಂತ ತಕ್ಕ ಜಾಗ ಬೇರೊಂದಿಲ್ಲ. ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳಿಗೆ ಮಾತ್ರವಾದ್ದರಿಂದ ಶಾಲೆಗಳು ಬೇರೆ ದಾರಿ ಹುಡುಕಬೇಕಾಗುತ್ತದೆ. ನಮ್ಮ ಕನ್ನಡ ಶಾಲೆಯ ಮಾಳಿಗೆಯ ಮೇಲೆ ಒಂದೆರಡು ಕಿಲೋವಾಟಿನ ಫಲಕ ಬಂದರೆ ಬಿಲ್ಲು ಇಳಿಯುವುದು ಒಂದು ಲಾಭ; ಮಕ್ಕಳು ದಿನವೂ ಅದರ ಅಂಕಿ ಬರೆದು, ಮೋಡಕ್ಕೂ ಯೂನಿಟ್ಟಿಗೂ ಇರುವ ಸಂಬಂಧವನ್ನು ಕಣ್ಣಾರೆ ಕಾಣುವುದು ಅದಕ್ಕಿಂತ ದೊಡ್ಡ ಲಾಭ. ಆಡಳಿತ ಮಂಡಳಿಯವರೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುತ್ತೇನೆ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮಗೊಂದು ಕೆಲಸ. ನಿಮ್ಮ ಮನೆಯ ಮೀಟರಿನ ಅಂಕಿಯನ್ನು ಮೂವತ್ತು ದಿನ, ದಿನವೂ ಒಂದೇ ಹೊತ್ತಿಗೆ ಬರೆದಿಡಿರಿ. ಯಾವ ದಿನ ಹೆಚ್ಚಾಯಿತು, ಏಕೆ ಹೆಚ್ಚಾಯಿತು ಎಂಬುದನ್ನೂ ಬರೆಯಿರಿ. ಬಳಿಕ ತಂದೆತಾಯಿಗಳ ಎದುರಿಗೆ ಕುಳಿತು, ನಿಮ್ಮದು ಮೊದಲನೆಯ ಮನೆಯೋ, ಎರಡನೆಯದೋ, ಮೂರನೆಯದೋ ಎಂದು ಲೆಕ್ಕ ಮಾಡಿ ತೋರಿಸಿರಿ. ಸಾಲ ಮಾಡಬೇಕೇ ಬೇಡವೇ ಎಂಬುದನ್ನು ಹಿರಿಯರು ನಿರ್ಧರಿಸುತ್ತಾರೆ. ಸರಿಯಾದ ಲೆಕ್ಕವನ್ನು ಅವರ ಕೈಗೆ ಕೊಡುವುದು ಓದಿದ ಮಕ್ಕಳ ಕರ್ತವ್ಯ.

ಪ್ರಶ್ನೆ ಕೇಳಿದ ಆ ಪಾಲಕರಿಗೆ ನನ್ನ ಉತ್ತರ ಇಷ್ಟೇ: ಅಪ್ಪಾ, ಸೂರ್ಯ ಪುಕ್ಕಟೆ ಹೌದು. ಆದರೆ ಬಿಲ್ಲು ನೋಡಿ ಹಾಕಿಸಬೇಕು, ಜಾಹೀರಾತು ನೋಡಿ ಅಲ್ಲ.

ಎದ್ದು ನಿಂತ ಆ ಹುಡುಗನಿಗೂ ಒಂದು ಮಾತು. ತಮ್ಮಾ, ನೀನು ಬಿಲ್ಲು ತಾರದೆ ಬಂದುದು ತಪ್ಪಲ್ಲ. ಅಂದು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚಿನ ಪಾಠವನ್ನು ನಿನ್ನ ಬರಿಗೈಯೇ ಹೇಳಿತು. ನಿಮ್ಮ ಖೋಲಿಯ ಬಾಗಿಲ ಮೇಲೆ ಒಂದು ಮೀಟರು ಕೂತು, ಅದರ ಅಂಕಿಯನ್ನು ನೀನೇ ಓದಿ ನಿಮ್ಮಪ್ಪನಿಗೆ ಹೇಳುವ ದಿನ ಬೇಗ ಬರಲಿ.